ಎರಡನೆಯ ರೀಡಿಂಗ್

ಹಲ್ಲುಜ್ಜುವಾಗ ಯಾರೋ ‘ಹಲ್ಲುಜ್ಜುತ್ತಿದ್ದಾಳೆ’ ಎಂದರು. ಅವಳು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ನಲ್ಲಿ ನಿಲ್ಲಿಸಿದಳು. ಮೇಲಿನ ಮನೆಯ ರೇಡಿಯೋ ಇರಬೇಕು ಅಂದುಕೊಂಡಳು. ಮೇಲಿನ ಮನೆಯವರ ರೇಡಿಯೋ ಈ ಆರು ವರ್ಷದಲ್ಲಿ ಒಮ್ಮೆಯೂ ಕೇಳಿಸಿಲ್ಲ ಎಂಬುದು ಆಮೇಲೆ ನೆನಪಾಯಿತು. ‘ನಲ್ಲಿ ನಿಲ್ಲಿಸಿದಳು’ ಎಂದಿತು ಅದೇ ದನಿ, ಆತುರವಿಲ್ಲದ, ಓದುಬರಹ ಬಲ್ಲ ಗಂಡಸಿನ ದನಿ, ಎಡಗಿವಿಯಿಂದ ಒಂದು ಮೊಳ ಹಿಂದೆ. ಹದಿನಾಲ್ಕು ತಿಂಗಳ ಮೇಲೆ ಕಾಮೆಂಟರಿಯವನು ಮತ್ತೆ ಬಂದಿದ್ದ. ಆ ಅಡ್ಡಹೆಸರು ಇಟ್ಟವಳು ಅವಳೇ, ಆಸ್ಪತ್ರೆಯಿಂದ ಮನೆಗೆ ಬಂದು ಕೆಲವು ತಿಂಗಳಾದ ಮೇಲೆ, ಅವನನ್ನು ನೆನೆದು ನಗಬಲ್ಲೆ ಅನ್ನಿಸಿದ ದಿನ. ಅವನು ಹೊಸದಾಗಿ ಏನನ್ನೂ ಹೇಳುವವನಲ್ಲ. ಅವಳು ಮಾಡುವುದನ್ನೇ ಅವಳಿಗೆ ಹೇಳುತ್ತಾ ಹೇಳುತ್ತಾ ಕೊನೆಗೆ ಏನು ಮಾಡಲೂ ಕೈ ಏಳದಂತೆ ಮಾಡಿಬಿಡುತ್ತಾನೆ. ಕನ್ನಡಿಯಲ್ಲಿ ನಲವತ್ತೊಂದು ವರ್ಷದ ಹೆಂಗಸೊಬ್ಬಳು ಬಾಯಿ ತುಂಬ ನೊರೆ ಇಟ್ಟುಕೊಂಡು ನಿಂತಿದ್ದಳು. ಮೊದಲು ಅನ್ನಿಸಿದ್ದು ಭಯವಲ್ಲ, ನಾಚಿಕೆ. ಕದ್ದು ಸಿಕ್ಕಿಬಿದ್ದವಳ ನಾಚಿಕೆ. ಅವನು ಯಾಕೆ ಬಂದ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೊರಗಿನಿಂದ ಅಮ್ಮ, ‘ಏನೇ, ಇನ್ನೂ ಎಷ್ಟು ಹೊತ್ತು?’ ಅಂದಳು. ಅದು ಅಮ್ಮನೇ ಎಂದು ಖಾತ್ರಿ ಮಾಡಿಕೊಳ್ಳಲು ಬಾಗಿಲು ತೆರೆದು ನೋಡಿದಳು.

ಮೂರು ವಾರದಿಂದ ಅವಳು ರಾತ್ರಿಯ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದಳು. ಆ ಮಾತ್ರೆ ದನಿಗಳನ್ನು ಓಡಿಸಿದ್ದು ನಿಜ. ಆದರೆ ಬೆಳಗಿನ ಹೊತ್ತು ಮೈಮೇಲೆ ಒದ್ದೆ ಕಂಬಳಿ ಹೊದಿಸಿದಂಥ ನಿದ್ದೆ, ಸೊಂಟದಲ್ಲಿ ಹೊಸ ದಪ್ಪ, ದಿಂಬಿನ ಮೇಲೆ ಜೊಲ್ಲಿನ ಕಲೆ. ಮನೆಯೊಳಗಿನ ಮಾತಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳೋ ಏನೋ. ಒಂದು ಬೆಳಿಗ್ಗೆ ತಕ್ಕಡಿ ರಿಪೇರಿಯ ಕಾರ್ಖಾನೆಯಲ್ಲಿ ಕೆಲಸದ ಮೇಜಿನ ಮೇಲೆ ತಲೆಯಿಟ್ಟವಳು ಎಚ್ಚರವಾದಾಗ ತೂಕ ಪರೀಕ್ಷೆಯ ಚೀಟಿಯ ಮೇಲೆ ತನ್ನ ಜೊಲ್ಲು ಹರಿದು ಅಂಕಿಗಳೆಲ್ಲ ಕಲಸಿಹೋಗಿದ್ದವು; ಮೇಸ್ತ್ರಿ ಏನೂ ಅನ್ನದೆ ಹೊಸ ಚೀಟಿಯೊಂದನ್ನು ಪಕ್ಕದಲ್ಲಿಟ್ಟು ಹೋದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅದೇ ಸಂಜೆ ಬ್ಲೇಡು ಕೊಂಡಳು. ಅರ್ಧ ಮಾಡುವುದನ್ನೂ ತನ್ನ ಕಸುಬಿನ ಶ್ರದ್ಧೆಯಿಂದಲೇ ಮಾಡಿದಳು: ಮಾರನೆಯ ದಿನ ಎಲ್ಲರೂ ಊಟಕ್ಕೆ ಹೋದಾಗ, ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯಲ್ಲಿ ಎರಡೂ ಹೋಳುಗಳನ್ನು ತೂಗಿ, ಎರಡು ಮಿಲಿಗ್ರಾಂ ಹೆಚ್ಚಿದ್ದ ಕಡೆ ಕೆರೆದು ಸಮ ಮಾಡಿದಳು. ಇಂಥ ದಡ್ಡತನವನ್ನು ಇಷ್ಟು ಕರಾರುವಾಕ್ಕಾಗಿ ಮಾಡಿದವರು ಇನ್ಯಾರೂ ಇರಲಾರರು. ಉಳಿದ ಹೋಳುಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ತೂಕದ ಬಟ್ಟುಗಳನ್ನಿಡುವ ಹಳೆಯ ಡಬ್ಬಿಯೊಂದರಲ್ಲಿ ಕೂಡಿಡುತ್ತ ಬಂದಳು, ಆ ಡಬ್ಬಿ ಈಗ ಅವಳ ಕೈಚೀಲದ ತಳದಲ್ಲಿತ್ತು.

ಅಮ್ಮ ಚಹಾ ಕೊಟ್ಟು ಎದುರಿಗೆ ಕೂತಳು. ಮಗಳ ಮುಖವನ್ನು ಓರೆಗಣ್ಣಿನಲ್ಲಿ ಓದುವುದು ಅಮ್ಮನಿಗೆ ಎಂಟು ವರ್ಷದ ಅಭ್ಯಾಸ. ‘ನಿದ್ದೆ ಆಯ್ತಾ?’ ‘ಆಯ್ತು.’ ಅಷ್ಟೇ ಮಾತು. ಹಿಂದೆ ಹೀಗಿರಲಿಲ್ಲ. ಹಿಂದೆ ಅವಳು ಎಲ್ಲವನ್ನೂ ಅಮ್ಮನನ್ನೇ ಕೇಳುತ್ತಿದ್ದಳು. ಅಮ್ಮಾ, ಗೋಡೆ ಆಚೆ ಒಬ್ಬ ನನ್ನ ಬಗ್ಗೆ ಮಾತಾಡ್ತಿದಾನೆ, ನಿಂಗೆ ಕೇಳಿಸ್ತಾ? ಅಮ್ಮ ಕೈಯಲ್ಲಿದ್ದ ಸೌಟು ಹಿಡಿದೇ ಒಂದು ಗಳಿಗೆ ನಿಂತು, ‘ಹೌದು ಕಣೆ, ನಂಗೂ ಕೇಳಿಸ್ತು’ ಅನ್ನುತ್ತಿದ್ದಳು. ಎರಡು ವರ್ಷ ಹಾಗೆ ಅಂದಳು. ಒಂದು ದಿನವಂತೂ ಬಾಲ್ಕನಿಗೆ ಹೋಗಿ, ನರಪಿಳ್ಳೆಯಿಲ್ಲದ ಬೀದಿಗೆ ಕೈ ತೋರಿಸಿ, ನನ್ನ ಮಗಳ ತಂಟೆಗೆ ಬಂದ್ರೆ ಸುಮ್ನಿರಲ್ಲ ಎಂದು ಗಂಟಲು ಬಿರಿಯುವ ಹಾಗೆ ಕೂಗಿದ್ದಳು. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದಿದ್ದವು. ಅವತ್ತು ಅವಳಿಗೆ ಎಂಥ ಸಮಾಧಾನವಾಗಿತ್ತು. ಆಮೇಲೆ ಆಸ್ಪತ್ರೆಯಲ್ಲಿ, ಅವಳು ಪಕ್ಕದಲ್ಲೇ ಕೂತಿರುವಾಗ, ಅಮ್ಮ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ ಹೇಳಿದ್ದು ಡಾಕ್ಟರಮ್ಮನಿಗೆ: ‘ನಂಗೆ ಒಂದು ದಿನಾನೂ ಏನೂ ಕೇಳಿಸಿಲ್ಲ ಡಾಕ್ಟ್ರೇ. ಇಲ್ಲ ಅಂದ್ರೆ ಇವಳು ಊಟ ಬಿಡ್ತಿದ್ಲು.’ ದನಿಗಳು ಸುಳ್ಳು ಎಂದು ತಿಳಿದದ್ದಕ್ಕಿಂತ ಅಮ್ಮನ ‘ಹೌದು’ ಸುಳ್ಳು ಎಂದು ತಿಳಿದದ್ದೇ ಅವಳನ್ನು ಹೆಚ್ಚು ನೋಯಿಸಿತು. ಅಂದಿನಿಂದ ಅಮ್ಮನನ್ನು ಯಾವ ಸದ್ದಿನ ಬಗ್ಗೆಯೂ ಕೇಳಿಲ್ಲ. ಕರೆಗಂಟೆ ಬಾರಿಸಿದರೂ ಅಮ್ಮ ಏಳಲಿ ಎಂದು ಕಾಯುತ್ತಾಳೆ. ಅಮ್ಮನೂ ಆ ಮಾತೆತ್ತಿಲ್ಲ. ಗುಡುಗಿದರೂ ಗುಡುಗಿತು ಎನ್ನುವುದಿಲ್ಲ.

‘ಬೀದಿಗೆ ಬಂದಳು’ ಎಂದ ಕಾಮೆಂಟರಿಯವನು. ‘ಬಸ್ಸು ಬಿಟ್ಟು ನಡೆಯುತ್ತಿದ್ದಾಳೆ.’ ಅವಳು ಚೀಲವನ್ನು ಎದೆಗವಚಿಕೊಂಡು ಹೆಜ್ಜೆ ಎಣಿಸುತ್ತ ನಡೆದಳು. ಈ ಕಾಯಿಲೆಯ ಉದ್ದನೆಯ ಹೆಸರನ್ನು ಡಾಕ್ಟರಮ್ಮ ಮೊದಲ ಸಲ ಹೇಳಿದಾಗ, ಸ್ಕಿಜೋಫ್ರೀನಿಯಾ, ಅದು ಯಾವುದೋ ಹೂವಿನ ಗಿಡದ ಹೆಸರಿನ ಹಾಗೆ ಕೇಳಿಸಿತ್ತು. ‘ಇದರಲ್ಲಿ ನಿಮ್ಮ ತಪ್ಪಿಲ್ಲ, ಅಮ್ಮ ಬೆಳೆಸಿದ ರೀತಿದೂ ತಪ್ಪಿಲ್ಲ. ಮಿದುಳು ತನ್ನದೇ ಮಾತನ್ನ ಹೊರಗಿನವರ ಮಾತು ಅಂತ ತಿಳ್ಕೊಂಡುಬಿಡುತ್ತೆ. ಮಾತ್ರೆ ಆ ಸದ್ದನ್ನ ತಗ್ಗಿಸುತ್ತೆ. ನಿಮ್ಮನ್ನೇ ತಗ್ಗಿಸ್ತಿದೆ ಅನ್ನಿಸಿದ್ರೆ ನನಗೆ ಹೇಳಿ. ನೀವೇ ಕೈ ಹಾಕ್ಬೇಡಿ.’ ಅವಳು ತಲೆಯಾಡಿಸಿದ್ದಳು. ತಲೆಯಾಡಿಸುವುದರಲ್ಲಿ ಅವಳು ಯಾವತ್ತೂ ಹಿಂದೆ ಬಿದ್ದವಳಲ್ಲ. ಆದರೆ ಈಗ ಹೋಗಿ ಹೇಳಿದರೆ? ಪ್ರಮಾಣ ಹೆಚ್ಚಿಸುತ್ತಾರೆ, ಇಲ್ಲವೇ ಮೊದಮೊದಲು ಕೊಡುತ್ತಿದ್ದ ಇಂಜೆಕ್ಷನ್ನಿಗೇ ಮರಳುತ್ತಾರೆ. ಆ ಇಂಜೆಕ್ಷನ್ನಿನ ದಿನಗಳಲ್ಲಿ ಕೈ ನಡುಗಿ ರವಿಕೆಯ ಗುಂಡಿ ಹಾಕಿಕೊಳ್ಳಲಾಗದೆ ಅಮ್ಮನ ಮುಂದೆ ಚಿಕ್ಕ ಮಗುವಿನಂತೆ ನಿಲ್ಲುತ್ತಿದ್ದಳು. ನಡುಗುವ ಕೈಗೆ ಮಿಲಿಗ್ರಾಂ ಬಟ್ಟು ಎತ್ತುವ ಕೆಲಸ ಯಾರೂ ಕೊಡುವುದಿಲ್ಲ. ಮತ್ತೆ ಕಿಟಕಿಯ ಪಕ್ಕದ ಕುರ್ಚಿ, ಮತ್ತೆ ನೋಡಲು ಬಂದವರು ಇವಳಿಗೆ ಕೇಳದಂತೆ ಅಮ್ಮನ ಕಿವಿಯಲ್ಲಿ ಹೇಳುವ ಮಾತು. ಹೇಳದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು, ಹೇಳದೆಯೇ ಅಲ್ಲವೇ ಮೊದಲ ಸಲ ಆಸ್ಪತ್ರೆ ಸೇರುವಷ್ಟಾದದ್ದು. ಎರಡರಲ್ಲಿ ಯಾವುದನ್ನೂ ಆರಿಸಿಕೊಳ್ಳಲಾಗದೆ ಕಾರ್ಖಾನೆಯ ಬಾಗಿಲಿಗೆ ಬಂದಳು.

ಕಾರ್ಖಾನೆ ಎಂದರೆ ಉದ್ದನೆಯ ಒಂದು ಕೋಣೆ, ಹಿಂದೆ ಒಂದು ಉಗ್ರಾಣ. ಅಂಗಡಿ, ಔಷಧಾಲಯ, ಗೋದಾಮುಗಳಿಂದ ಬಂದ ತೂಕದ ಯಂತ್ರಗಳನ್ನು ರಿಪೇರಿ ಮಾಡಿ, ಮಾದರಿ ಬಟ್ಟುಗಳನ್ನಿಟ್ಟು ಪರೀಕ್ಷಿಸಿ ಕಳಿಸುವ ಜಾಗ. ಮಾದರಿ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಜಿಡ್ಡಿಗೂ ತೂಕವಿದೆ. ಚಿಮಟದಿಂದ ಎತ್ತಿ, ಉಸಿರು ಹಿಡಿದು, ತಟ್ಟೆಯ ನಡುವೆ ಇಳಿಸಬೇಕು. ಪ್ರತಿ ಯಂತ್ರಕ್ಕೂ ಎರಡು ರೀಡಿಂಗ್. ಮೊದಲು ನೋಡಿದವರು ತಮ್ಮ ಅಂಕಿಯನ್ನು ಚೀಟಿಯಲ್ಲಿ ಬರೆದು ಮಡಚಿಡಬೇಕು. ಎರಡನೆಯವರು ಅದನ್ನು ನೋಡದೆ ತಮ್ಮದನ್ನು ಬರೆಯಬೇಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಬರೆದು, ಇಬ್ಬರೂ ಸಹಿ ಹಾಕಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಅವಳು ಅಂಕಿಯನ್ನು ಬಾಯಿಬಿಟ್ಟು ಹೇಳಿಬಿಟ್ಟಿದ್ದಳು. ಮೇಸ್ತ್ರಿ ಆ ರೀಡಿಂಗ್ ಹೊಡೆದುಹಾಕಿ, ‘ಹೇಳ್ಬಿಟ್ರೆ ಮುಗೀತು ತಾಯಿ, ಆಮೇಲೆ ನನ್ನ ಕಣ್ಣಿಗೂ ಅದೇ ಕಾಣ್ಸೋದು. ಕಣ್ಣಿಗೆ ದಾಕ್ಷಿಣ್ಯ ಜಾಸ್ತಿ’ ಅಂದಿದ್ದ. ಅರವತ್ತು ದಾಟಿದ ಮೇಸ್ತ್ರಿಗೆ ಕಣ್ಣು ಚುರುಕು, ಕಿವಿ ಮಂದ. ಕಿವಿಯ ಮೆಷಿನ್ನು ಇತ್ತು, ಬ್ಯಾಟರಿ ಉಳಿಸಲೆಂದು ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

‘ಚಿಮಟ ಹಿಡಿದಳು’ ಎಂದ ಕಾಮೆಂಟರಿಯವನು. ‘ಕೈ ನಡುಗುತ್ತದೆ ನೋಡಿ.’ ಕೈ ನಡುಗಲಿಲ್ಲ. ಔಷಧಾಲಯದ ಚಿಕ್ಕ ತಕ್ಕಡಿಯ ಮೇಲೆ ಇನ್ನೂರು ಮಿಲಿಗ್ರಾಂ ಇಟ್ಟು, ಅಂಕಿ ನಿಲ್ಲುವವರೆಗೆ ಕಾದು, ಬರೆದು ಮಡಚಿದಳು. ಮೇಸ್ತ್ರಿಯ ಚೀಟಿಯಲ್ಲೂ ಅದೇ ಅಂಕಿ. ಮಧ್ಯಾಹ್ನದವರೆಗೆ ಒಂಬತ್ತು ಯಂತ್ರ, ಒಂಬತ್ತೂ ಸರಿ. ಕಿವಿ ಕೆಟ್ಟ ದಿನವೂ ಕಣ್ಣು ಸರಿಯಿರಬಹುದೆ ಎಂದು ಅವಳಿಗೆ ಅಚ್ಚರಿಯಾಯಿತು, ತನ್ನೊಳಗೆ ಒಂದು ಕೆಟ್ಟರೆ ಎಲ್ಲವೂ ಕೆಟ್ಟಿತು ಎಂದೇ ಅವಳು ತಿಳಿದಿದ್ದಳು. ಮೂರು ಗಂಟೆಯ ಹೊತ್ತಿಗೆ ಉಗ್ರಾಣದ ಒಳಗಿನಿಂದ ಹೆಂಗಸೊಬ್ಬಳು ಅಳುವುದು ಕೇಳಿಸಿತು. ಬಿಕ್ಕಳಿಕೆ, ಆಮೇಲೆ, ತೆಗೀರಿ, ಯಾರಾದ್ರೂ ಬಾಗಿಲು ತೆಗೀರಿ. ಉಗ್ರಾಣದ ಚಿಲಕ ಕಚ್ಚಿಕೊಳ್ಳುವುದು ಎಲ್ಲರಿಗೂ ಗೊತ್ತು; ಹೋದ ತಿಂಗಳು ಕಸ ಗುಡಿಸುವ ಅಕ್ಕ ಒಂದು ಗಂಟೆ ಒಳಗೇ ಸಿಕ್ಕಿಕೊಂಡು, ಹೊರಬಂದಾಗ ಮುಖ ಬಿಳಿಚಿಕೊಂಡಿತ್ತು. ಅಕ್ಕ ಮನೆಗೆ ಹೋದಳೋ ಇಲ್ಲವೋ ಇವಳು ನೋಡಿರಲಿಲ್ಲ. ಅವಳಿಗೊಂದು ಹಳೆಯ ಉಪಾಯವಿತ್ತು: ಸದ್ದಾದಾಗ ಬೇರೆಯವರು ತಲೆ ತಿರುಗಿಸಿದರೆ ಅದು ಹೊರಗಿನದು, ತಿರುಗಿಸದಿದ್ದರೆ ತನ್ನದು. ಕೋಣೆಯಲ್ಲಿದ್ದ ಬೇರೆಯವನೆಂದರೆ ಮೇಸ್ತ್ರಿ ಒಬ್ಬನೇ, ಅವನ ಕಿವಿ ಜೇಬಿನಲ್ಲಿತ್ತು. ತಾನೇ ಹೋಗಿ ಬಾಗಿಲು ತೆಗೆಯಬಹುದಿತ್ತು. ಆದರೆ ಹಿಂದೆ ಹಾಗೆ ಎಷ್ಟು ಬಾಗಿಲು ತೆಗೆದಿದ್ದಾಳೆ, ಒಳಗೆ ಯಾರೂ ಇಲ್ಲದಿದ್ದರೂ ಅವರು ಈಗ ತಾನೇ ಹೊರಟುಹೋದರು ಎಂದು ಎಷ್ಟು ಸಲ ನಂಬಿದ್ದಾಳೆ. ಖಾಲಿ ಕೋಣೆಯೂ ಅವಳಿಗೆ ಸಾಕ್ಷಿ ಹೇಳುತ್ತಿರಲಿಲ್ಲ. ಅಳು ಜೋರಾಯಿತು. ಒಳಗೆ ನಿಜವಾಗಿ ಒಬ್ಬಳಿದ್ದು, ತನ್ನ ಮಾನ ಉಳಿಸಿಕೊಳ್ಳಲು ತಾನು ಸುಮ್ಮನೆ ಕೂತಿದ್ದರೆ? ಅವಳು ಎದ್ದು ಮೇಸ್ತ್ರಿಯ ಮೇಜಿಗೆ ಹೋದಳು.

‘ಮೇಸ್ತ್ರೀ, ಒಂದು ಎರಡನೇ ರೀಡಿಂಗ್ ಬೇಕಿತ್ತು.’

‘ಯಾವ ಮೆಷಿನ್ದು?’

‘ಮೆಷಿನ್ದಲ್ಲ. ನನ್ನ ಕಿವೀದು.’

‘ಏನು?’ ಎಂದು ಮೇಸ್ತ್ರಿ ಅಂಗೈಯನ್ನು ಕಿವಿಗೆ ಒತ್ತಿಕೊಂಡ. ಒಂದು ಸಲ ಹೇಳಲು ಕೂಡಿಸಿಕೊಂಡ ಧೈರ್ಯವನ್ನು ಅವಳು ಎರಡನೆಯ ಸಲ ಜೋರಾಗಿ ಖರ್ಚು ಮಾಡಬೇಕಾಯಿತು. ‘ನಂಗೊಂದು ಸದ್ದು ಕೇಳಿಸ್ತಿದೆ. ಹೊರಗಿಂದೋ ನಂದೋ ಗೊತ್ತಾಗ್ತಿಲ್ಲ. ಅದು ಅಲ್ಲಿ…’

ಮೇಸ್ತ್ರಿ ಕೈಯೆತ್ತಿ ತಡೆದ. ‘ಹೇಳ್ಬೇಡ. ಏನು ಅಂತಾನೂ ಬೇಡ, ಎಲ್ಲಿ ಅಂತಾನೂ ಬೇಡ. ಬರ್ದು ಮಡಚಿಟ್ಕೋ.’ ಜೇಬಿನಿಂದ ಮೆಷಿನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡ. ಬ್ಯಾಟರಿ ಸತ್ತಿತ್ತು. ಮೇಜಿನ ಖಾನೆಯಲ್ಲಿ ಸ್ಕ್ರೂ, ತಂತಿ, ಹಳೆಯ ಸ್ಪ್ರಿಂಗುಗಳ ನಡುವೆ ಇನ್ನೊಂದು ಬ್ಯಾಟರಿ ಹುಡುಕುವಷ್ಟರಲ್ಲಿ ಅವಳ ಅರ್ಧ ಜೀವ ಹೋಯಿತು. ಸಿಕ್ಕಿತು. ಮೇಸ್ತ್ರಿ ಎದ್ದು ಕೋಣೆಯ ನಡುವೆ ನಿಂತು, ಸೂಕ್ಷ್ಮ ತಕ್ಕಡಿಯ ಮುಂದೆ ನಿಲ್ಲುವಂತೆಯೇ ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿದ. ‘ಮುದುಕ ಕಣ್ಣು ಮುಚ್ಚಿದ’ ಎಂದ ಕಾಮೆಂಟರಿಯವನು. ಮೇಸ್ತ್ರಿ ನಾಲ್ಕೂ ಗೋಡೆಗೆ ಹೋಗಿ, ಉಗ್ರಾಣದ ಬಾಗಿಲಿಗೂ ಕಿವಿ ಹಚ್ಚಿ, ಹಿಂದಿರುಗಿದ.

‘ಫ್ಯಾನು. ರಸ್ತೇಲಿ ಒಂದು ಲಾರಿ. ನನ್ನ ಸೀಟಿ. ಅಷ್ಟೇ. ಈಗ ನಿಂದು ತೋರಿಸು.’

ಅವಳು ಚೀಟಿ ಬಿಡಿಸಿದಳು. ಮೇಸ್ತ್ರಿ ಓದಿ, ಹೋಗಿ ಚಿಲಕ ಜಗ್ಗಿ ಬಾಗಿಲು ಒದ್ದು ತೆರೆದ. ಎರಡು ಪೊರಕೆ, ತುಕ್ಕು ಹಿಡಿದ ತಕ್ಕಡಿಗಳು, ಒಂದು ಬಕೆಟ್ಟು. ‘ಅಕ್ಕ ಎರಡಕ್ಕೇ ಮನೆಗೆ ಹೋದ್ಲು, ನಾನೇ ನೋಡ್ದೆ. ಆದ್ರೂ ಇರ್ಲಿ ಅಂತ ತೆಗ್ದೆ.’ ಬಕೆಟ್ಟಿನ ಕಡೆ ನೋಡುತ್ತ ನಿಂತ ಅವಳಿಗೆ ಅಳು ಇನ್ನೂ ಕೇಳಿಸುತ್ತಲೇ ಇತ್ತು. ಆದರೂ ಮೊದಲ ಬಾರಿಗೆ ಅವಳ ಕೈಯಲ್ಲಿ ಇನ್ನೊಬ್ಬರ ‘ಇಲ್ಲ’ ಇತ್ತು, ಅವಳನ್ನು ಸಮಾಧಾನ ಮಾಡಲು ಹೇಳಿದ್ದಲ್ಲದ, ಬೈಯಲು ಹೇಳಿದ್ದೂ ಅಲ್ಲದ ‘ಇಲ್ಲ’. ಅದನ್ನು ಹಿಡಿದುಕೊಂಡು ನಿಲ್ಲಬಹುದು ಅನ್ನಿಸಿತು.

‘ಸೀಟಿ ಅಂದ್ರೇನು ಮೇಸ್ತ್ರೀ?’

‘ಹತ್ತು ವರ್ಷದಿಂದ ಈ ಕಿವೀಲಿ ಒಂದು ಸೀಟಿ ಹೊಡೀತಾನೇ ಇದೆ. ನಿಂಗೆ ಕೇಳಿಸ್ತಾ?’

‘ಇಲ್ಲ.’

‘ನೋಡು. ಅದು ನಂದು.’ ಮೇಸ್ತ್ರಿ ಸ್ಟೂಲಿನ ಮೇಲೆ ಕೂತ. ‘ವ್ಯತ್ಯಾಸ ಬಂದ್ರೆ ಏನ್ ಮಾಡ್ತೀವಿ?’

‘ಬರೀತೀವಿ.’

‘ಮೆಷಿನ್ ಎತ್ತಿ ಬೀದಿಗೆ ಎಸೀತೀವಾ? ಇಲ್ಲ ತಾನೆ. ಮತ್ಯಾಕೆ ಹಂಗೆ ಮುಖ ಮಾಡ್ಕೊಂಡಿದೀಯ?’

ಆಗ ಅವಳು ಹೇಳಿದಳು, ನಿಂತಲ್ಲೇ, ಡಬ್ಬಿ ತೆಗೆದು ತೋರಿಸಿ, ಬ್ಲೇಡು, ಹೋಳುಗಳು, ಮೂರು ವಾರ. ಮೇಸ್ತ್ರಿ ಹುಬ್ಬು ಗಂಟಿಕ್ಕಿ ಕೇಳಿದ. ‘ನನ್ನ ಸೂಕ್ಷ್ಮ ತಕ್ಕಡೀಲಿ ತೂಗ್ದ್ಯಾ? ಎಷ್ಟು ವ್ಯತ್ಯಾಸ ಬಂತು?’ ‘ಎರಡು ಮಿಲಿಗ್ರಾಂ. ಕೆರೆದು ಸಮ ಮಾಡ್ದೆ.’ ಅವನ ಮುಖದಲ್ಲಿ ಒಂದು ಗಳಿಗೆ ಕಸುಬುದಾರನ ಮೆಚ್ಚುಗೆ ಮೂಡಿ, ಅದು ಮೂಡಬಾರದಿತ್ತೆಂದು ತಿಳಿದು ಮಾಯವಾಯಿತು. ‘ಅವತ್ತಿನ ಒದ್ದೆ ಚೀಟಿ ವಿಷ್ಯಾನಾ ಇದೆಲ್ಲ? ನಾನು ಎಷ್ಟು ಚೀಟಿ ಮೇಲೆ ಚಹಾ ಚೆಲ್ಲಿದೀನಿ. ಬೆಳಿಗ್ಗೆ ನಿದ್ದೆ ಬಂದ್ರೆ ಹನ್ನೊಂದಕ್ಕೆ ಬಾ ಅನ್ನೋಣ ಅಂತಿದ್ದೆ. ಬೇಜಾರು ಮಾಡ್ಕೋತೀಯೇನೋ ಅಂತ ಸುಮ್ನಾದೆ.’ ಮೇಸ್ತ್ರಿಯ ಸುಮ್ಮನಿರುವಿಕೆಯನ್ನು ಅವಳು ಮೂರು ವಾರದಿಂದ ತಪ್ಪಾಗಿ ಓದಿದ್ದಳು. ಅವನು ಕಿವಿಯ ಮೆಷಿನ್ನು ತೆಗೆಯುತ್ತ, ‘ಫೋನ್ ಮಾಡು ಡಾಕ್ಟ್ರಿಗೆ. ನಾಳೆ ಹೋಗ್ಬಾ. ಇಲ್ಲಿರೋ ಇಪ್ಪತ್ತು ಕೆಜಿ ಬಟ್ಟು ಎಲ್ಲೂ ಓಡಿ ಹೋಗಲ್ಲ’ ಅಂದ.

ಫೋನಿನಲ್ಲಿ ಸಿಕ್ಕಿದ್ದು ನರ್ಸು. ‘ದನಿ ಬಂದಿದೆ. ನಾನೇ ಮಾತ್ರೆ ಅರ್ಧ ಮಾಡಿದ್ದೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಬೈಗುಳಕ್ಕೆ ಕಾದಳು. ಆ ಕಡೆಯಿಂದ ಪುಟ ತಿರುವುವ ಸದ್ದು. ‘ಎಷ್ಟು ದಿನ ಆಯ್ತು ದನಿ ಬಂದು?’ ‘ಇವತ್ತು ಬೆಳಿಗ್ಗೆ.’ ‘ಇವತ್ತೇ ಹೇಳಿದ್ರಲ್ಲ, ಒಳ್ಳೇದಾಯ್ತು. ಮೊದಲ ಸಲ ಎರಡು ವರ್ಷ, ಹೋದ್ಸಲ ಏಳು ತಿಂಗಳು ಕಳೆದ ಮೇಲೆ ಬಂದಿದ್ರಿ.’ ನರ್ಸು ಒಳಗೆ ಹೋಗಿ ಬಂದು ಡಾಕ್ಟರಮ್ಮನ ಮಾತು ಹೇಳಿದಳು: ನಾಳೆ ಹತ್ತಕ್ಕೆ ಬನ್ನಿ, ಹಳೆ ಇಂಜೆಕ್ಷನ್ ಮಾತು ಯಾರೂ ಎತ್ತಿಲ್ಲ, ನಿದ್ದೆಗೆ ಬೇರೆ ದಾರಿ ಇದೆ, ಮಾತ್ರೆ ತಗೊಳ್ಳೋ ಹೊತ್ತು ಬದಲಾಯಿಸಿ ನೋಡಬಹುದು, ಮಾತ್ರೆಯನ್ನೇ ಬದಲಾಯಿಸಬಹುದು, ಕೂತು ಮಾತಾಡೋಣ. ಇಷ್ಟು ಸುಲಭದ ಮಾತಿಗೆ ತಾನು ಬ್ಲೇಡು ಕೊಂಡಿದ್ದೆನೇ ಎಂದು ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಹೊರಡುವಾಗ ಮೇಸ್ತ್ರಿಯನ್ನು ಕೇಳಿ ಎರಡು ಖಾಲಿ ಚೀಟಿ ತೆಗೆದುಕೊಂಡಳು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅಮ್ಮ ಅಡುಗೆಮನೆಯ ಮೇಜಿನಲ್ಲಿ ತರಕಾರಿ ಹೆಚ್ಚುತ್ತಿದ್ದಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ: ಆ ಎರಡು ವರ್ಷವೂ ತಾನು ಅಮ್ಮನನ್ನು ಕೇಳಿದ ರೀತಿ. ಗಂಡಸಿನ ದನಿ ಕೇಳಿಸ್ತಾ, ಬೈತಿದಾನೆ ಕೇಳಿಸ್ತಾ. ಮೊದಲೇ ತನ್ನ ರೀಡಿಂಗ್ ಕೂಗಿ ಹೇಳಿ, ಆಮೇಲೆ ಅಮ್ಮನ ಕಿವಿಯನ್ನು ಕೇಳಿದ್ದಳು. ಎದುರಿಗೆ ಊಟ ಬಿಟ್ಟು ಕೂತ ಮಗಳನ್ನು ಇಟ್ಟುಕೊಂಡು ಅಮ್ಮ ಇನ್ನೇನು ಹೇಳಬಲ್ಲವಳಾಗಿದ್ದಳು? ಅವಳು ಕೈಚೀಲ ಕೆಳಗಿಟ್ಟು, ಅಮ್ಮನ ಮುಂದೆ ಒಂದು ಚೀಟಿ, ಒಂದು ಪೆನ್ಸಿಲ್ಲು ಇಟ್ಟಳು.

‘ಅಮ್ಮ, ಚಾಕು ಕೆಳಗಿಡು. ಈಗ ನಿಂಗೆ ಏನೇನು ಕೇಳಿಸ್ತಿದೆಯೋ ಬರಿ.’

ಅಮ್ಮ ಚಾಕು ಕೆಳಗಿಟ್ಟಳು. ‘ಯಾಕೆ? ನಿಂಗೇನು ಕೇಳಿಸ್ತಿದೆ?’

‘ಅದನ್ನ ಹೇಳಲ್ಲ. ನಾನೂ ಬರೀತೀನಿ. ನೀನು ನಿಂದು ಬರಿ. ಜಾಸ್ತಿನೂ ಬೇಡ, ಕಮ್ಮಿನೂ ಬೇಡ.’

ಅಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಮಗಳ ಮುಖದಲ್ಲಿ ಉತ್ತರ ಹುಡುಕಿದಳು, ಹಿಂದೆ ಅಲ್ಲಿ ಯಾವಾಗಲೂ ಸಿಗುತ್ತಿತ್ತು; ಸಿಗಲಿಲ್ಲವೆಂದು ಕಂಡು ಕನ್ನಡಕ ಏರಿಸಿಕೊಂಡಳು. ‘ಅಮ್ಮ ಬರೆಯುತ್ತಿದ್ದಾಳೆ’ ಎಂದ ಕಾಮೆಂಟರಿಯವನು. ಅವಳು ಅವನ ಹೆಸರನ್ನೂ ತನ್ನ ಚೀಟಿಯಲ್ಲಿ ಬರೆದಳು, ಉಳಿದವರ ಸಾಲಿನಲ್ಲೇ. ಪಕ್ಕದ ಮನೆಯಲ್ಲಿ ಮಗು ಅಳುತ್ತಿತ್ತು. ಮಧ್ಯಾಹ್ನದ ಅಳು ಕೇಳಿದ ಮೇಲೆ ಈ ಅಳುವನ್ನು ನಂಬಲು ಹೆದರಿಕೆಯಾಗಿ ಪೆನ್ಸಿಲ್ಲು ತಡೆಯಿತು, ಆದರೂ ಬರೆದಳು. ಅಮ್ಮ ನಾಲ್ಕು ಸಾಲು ಬರೆಯಲು ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಮಗಳು ಎರಡೂ ಚೀಟಿಗಳನ್ನು ತರಕಾರಿ ಸಿಪ್ಪೆಯ ಪಕ್ಕದಲ್ಲಿ ಜೋಡಿಸಿಟ್ಟಳು. ಅಮ್ಮನ ಗುಂಡಗಿನ ಅಕ್ಷರದಲ್ಲಿ: ನಲ್ಲಿ ತೊಟ್ಟಿಕ್ಕೋದು. ಪಕ್ಕದ ಮನೆ ಮಗು. ಗಡಿಯಾರ. ನಿನ್ನ ಉಸಿರು. ಅವಳ ಚೀಟಿಯಲ್ಲಿ: ನಲ್ಲಿ. ಮಗು ಅಳೋದು. ಗಡಿಯಾರ. ಕಾಮೆಂಟರಿಯವನು.

ಮಗು ನಿಜವಾಗಿತ್ತು. ಅವಳಿಗೆ ಆದ ಸಂತೋಷವನ್ನು ಆ ಮಗುವಿನ ಹೆತ್ತವರಿಗೆ ಹೇಳಿದರೆ ಅವರು ನಂಬುತ್ತಿರಲಿಲ್ಲ.

ಅಮ್ಮ ಅವಳ ಚೀಟಿಯ ಕೊನೆಯ ಸಾಲನ್ನು ಬೆರಳಿಟ್ಟು ಓದಿದಳು. ಬಾಯಿ ತೆರೆಯಿತು, ಹಳೆಯ ‘ಹೌದು’ ನಾಲಗೆಯ ತುದಿಗೆ ಬಂದು ನಿಂತದ್ದು ಮಗಳಿಗೆ ಕಾಣಿಸಿತು, ಆ ಎರಡು ವರ್ಷ ಅದು ಬರುತ್ತಿದ್ದ ಹಾಗೆಯೇ ಬಂತು. ಅಮ್ಮ ಅದನ್ನು ನುಂಗಿಕೊಂಡಳು.

‘ನಂಗೆ ಕೇಳಿಸ್ಲಿಲ್ಲ ಕಣೆ’ ಅಂದಳು. ಆಮೇಲೆ, ಮೇಜನ್ನು ನೋಡುತ್ತ, ‘ಆಗಲೂ ಕೇಳಿಸ್ತಿರ್ಲಿಲ್ಲ’ ಅಂದಳು.

‘ಗೊತ್ತಮ್ಮ.’

‘ಸುಳ್ಳು ಹೇಳ್ದೆ.’

‘ನಾನು ಕೇಳಿದ್ದೇ ಹಾಗಿತ್ತು.’ ಅವಳು ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು, ಮುಚ್ಚಳ ತೆರೆದಳು. ಇಪ್ಪತ್ತೊಂದು ಬಿಳಿ ಹೋಳುಗಳು. ಅಮ್ಮ ನೋಡಿದಳು, ಅರ್ಥವಾಯಿತು, ಕೈ ಬಾಯಿಗೆ ಹೋಯಿತು, ಆದರೆ ಕೂಗಾಡಲಿಲ್ಲ. ‘ನಾಳೆ ಹತ್ತಕ್ಕೆ ಡಾಕ್ಟರ ಹತ್ರ ಹೋಗ್ಬೇಕು. ನೀನೂ ಬಾ. ಆದ್ರೆ ಹೇಳೋಳು ನಾನು.’ ಅಮ್ಮ ತಲೆಯಾಡಿಸಿದಳು. ತನಗೆ ಈ ತಲೆಯಾಡಿಸುವ ವಿದ್ಯೆ ಎಲ್ಲಿಂದ ಬಂತೆಂಬುದು ಮಗಳಿಗೆ ಸ್ಪಷ್ಟವಾಯಿತು, ಅವಳಿಗೆ ನಗು ಬಂತು. ಪೆನ್ಸಿಲ್ಲು ತೆಗೆದುಕೊಂಡು ತನ್ನ ಚೀಟಿಯ ಕೆಳಗೆ ‘ವ್ಯತ್ಯಾಸ’ ಎಂದು ಬರೆದು, ಒಂದು ಎಂದು ಬರೆಯಹೋದವಳು ನಿಲ್ಲಿಸಿ ಅಮ್ಮನ ಚೀಟಿಯನ್ನು ಇನ್ನೊಮ್ಮೆ ನೋಡಿದಳು. ಅಮ್ಮನಿಗೆ ಮಾತ್ರ ಕೇಳಿಸಿದ ಒಂದು ಸಾಲು ಅಲ್ಲಿತ್ತು. ಉಸಿರನ್ನು ಹೊರಗೆ ಬಿಟ್ಟು, ಒಳಗೆ ಎಳೆದು, ಆಲಿಸಿದಳು. ಹೌದು, ಇತ್ತು, ಅವಳೇ ಗಮನಿಸಿರಲಿಲ್ಲ. ಎರಡು ಎಂದು ಬರೆದಳು.

‘ಈಗೇನು ಮಾಡ್ಬೇಕು?’ ಅಂದಳು ಅಮ್ಮ.

‘ಸಹಿ. ಇಬ್ಬರದೂ ಇದ್ರೇನೇ ರೀಡಿಂಗ್ ಲೆಕ್ಕಕ್ಕೆ ಬರೋದು.’

ಅವಳು ಸಹಿ ಹಾಕಿ ಚೀಟಿಯನ್ನು ಅಮ್ಮನ ಕಡೆ ತಿರುಗಿಸಿದಳು. ಅಮ್ಮ ಕನ್ನಡಕ ಸರಿ ಮಾಡಿಕೊಂಡು, ಎಲ್ಲಿ ಎಂದು ಕೇಳಿ, ತೋರಿಸಿದ ಜಾಗದಲ್ಲಿ ತನ್ನ ಪೂರ್ತಿ ಹೆಸರನ್ನು ಬರೆಯತೊಡಗಿದಳು.